ವಿದ್ಯುತ್ ಕಾರು: ಚಾರ್ಜರ್ ಕೊಳ್ಳುವ ಮುನ್ನ ಗೋಡೆಯ ಪ್ಲಗ್ ನೋಡಿ

ರಾಜ್ಯದಲ್ಲಿ ವಿದ್ಯುತ್ ಕಾರುಗಳ ಮಾತು ಬಂದಾಗಲೆಲ್ಲ ಚರ್ಚೆ ಹೆದ್ದಾರಿಯ ಚಾರ್ಜಿಂಗ್ ಕೇಂದ್ರಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟರೆ ದಾರಿಯಲ್ಲಿ ಎಷ್ಟು ಕೇಂದ್ರಗಳು ಸಿಗುತ್ತವೆ, ಅವುಗಳಲ್ಲಿ ಎಷ್ಟು ಕೆಟ್ಟು ನಿಂತಿವೆ ಎಂಬುದೇ ಎಲ್ಲರ ಪ್ರಶ್ನೆ. ಆದರೆ ನಗರವಾಸಿಯ ಕಾರು ವರ್ಷದ ಬಹುಪಾಲು ರಾತ್ರಿಗಳನ್ನು ಕಳೆಯುವುದು ಹೆದ್ದಾರಿಯಲ್ಲಲ್ಲ, ಮನೆಯ ಅಂಗಳದಲ್ಲಿ ಅಥವಾ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಅಲ್ಲಿ ಅದರ ಹಸಿವು ತಣಿಸುವುದು ಯಾವುದೋ ಕಾಲಕ್ಕೆ ಗೀಸರಿಗೋ ವಾಷಿಂಗ್ ಮೆಷಿನ್ನಿಗೋ ಎಂದು ಹಾಕಿಸಿದ್ದ 15 ಆಂಪ್ ಪ್ಲಗ್ ಪಾಯಿಂಟು. ಆ ಪ್ಲಗ್ಗಿಗೂ ಕಾರಿಗೂ ನಡುವೆ ಇರುವುದು ಒಂದೇ ಉಪಕರಣ. ಅದೇ ಡಿಕ್ಕಿಯಲ್ಲಿ ಸುತ್ತಿಟ್ಟುಕೊಂಡು ಹೋಗಬಹುದಾದ ಪೋರ್ಟಬಲ್ ಚಾರ್ಜರ್.

ಹತ್ತಾರು ಲಕ್ಷ ರೂಪಾಯಿ ಕೊಟ್ಟು ಕಾರು ಕೊಳ್ಳುವವರು ಅದರ ಬ್ಯಾಟರಿ, ಓಟದ ದೂರ, ಬಣ್ಣ ಎಲ್ಲವನ್ನೂ ಅಳೆದು ತೂಗುತ್ತಾರೆ. ಚಾರ್ಜರ್ ವಿಷಯಕ್ಕೆ ಬಂದಾಗ ಮಾತ್ರ ಎರಡೇ ಪ್ರಶ್ನೆ: ಬೆಲೆ ಎಷ್ಟು, ಎಷ್ಟು ಬೇಗ ಚಾರ್ಜ್ ಆಗುತ್ತದೆ? ಈ ಎರಡೂ ಪ್ರಶ್ನೆಗಳು ಸುರಕ್ಷತೆಯ ಹತ್ತಿರಕ್ಕೂ ಸುಳಿಯುವುದಿಲ್ಲ ಎಂಬುದೇ ಆತಂಕದ ಸಂಗತಿ.

ಚಾರ್ಜರ್ ಎಂಬ ತಪ್ಪು ಹೆಸರು

ಹೆಸರಿನಲ್ಲಿಯೇ ಒಂದು ತಪ್ಪು ಕಲ್ಪನೆ ಅಡಗಿದೆ. ಪೋರ್ಟಬಲ್ ಚಾರ್ಜರ್ ಎಂದು ಕರೆಯಲಾಗುವ ಪೆಟ್ಟಿಗೆ ವಾಸ್ತವವಾಗಿ ಏನನ್ನೂ ಚಾರ್ಜ್ ಮಾಡುವುದಿಲ್ಲ. ಮನೆಯ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವ ಯಂತ್ರ ಕಾರಿನೊಳಗೇ ಇರುತ್ತದೆ. ಹೊರಗಿನ ಪೆಟ್ಟಿಗೆ ಒಂದು ಸ್ವಿಚ್, ಜೊತೆಗೆ ಒಬ್ಬ ಕಾವಲುಗಾರ. ಮೊಬೈಲ್ ಫೋನಿನ ಚಾರ್ಜರಿನಂತೆ ಇದನ್ನೂ ಭಾವಿಸಿ ಸಿಕ್ಕಿದ ಅಗ್ಗದ ಮಾಲನ್ನು ತರುವವರು ಗಮನಿಸಬೇಕಾದ ಮೊದಲ ಅಂಶ ಇದು. ಇಲ್ಲಿ ಹಣ ಕೊಡುವುದು ಕಾವಲಿಗೆ, ವೇಗಕ್ಕಲ್ಲ.

ಈ ಕಾವಲು ನಡೆಯುವ ಬಗೆ ಸ್ವಾರಸ್ಯಕರವಾಗಿದೆ. ಕಾರಿಗೆ ಜೋಡಿಸುವ ಟೈಪ್ 2 ಕನೆಕ್ಟರಿನಲ್ಲಿ ವಿದ್ಯುತ್ ಹರಿಯುವ ದಪ್ಪ ಪಿನ್ನುಗಳಲ್ಲದೆ ಎರಡು ಸಣ್ಣ ಪಿನ್ನುಗಳೂ ಇರುತ್ತವೆ. ಅವುಗಳಲ್ಲೊಂದರ ಮೂಲಕ ಪೆಟ್ಟಿಗೆಯು ಕಾರಿಗೆ 12 ವೋಲ್ಟ್‌ನ ಸಂಕೇತವೊಂದನ್ನು ಸೆಕೆಂಡಿಗೆ ಸಾವಿರ ಬಾರಿ ಕಳಿಸುತ್ತಿರುತ್ತದೆ. 'ಈ ಗೋಡೆಯಿಂದ ಇಷ್ಟು ಆಂಪಿಯರ್ ಮಾತ್ರ ಎಳೆಯಬಹುದು' ಎಂಬ ಮಿತಿ ಆ ಸಂಕೇತದಲ್ಲಿರುತ್ತದೆ. ಕಾರು ಸಿದ್ಧವಿದೆಯೆಂದು ಉತ್ತರಿಸಿದ ಬಳಿಕವಷ್ಟೇ ಪೆಟ್ಟಿಗೆಯೊಳಗಿನ ಸ್ವಿಚ್ ಕೂಡಿಕೊಳ್ಳುತ್ತದೆ. ಕನೆಕ್ಟರ್ ಕೈಯಲ್ಲಿ ಹಿಡಿದಿರುವಾಗ ಅದರ ಪಿನ್ನುಗಳಲ್ಲಿ ವಿದ್ಯುತ್ ಇರುವುದಿಲ್ಲ. ಮಧ್ಯೆ ಸೋರಿಕೆ ಕಂಡರೆ, ಅರ್ಥಿಂಗ್ ತಪ್ಪಿದರೆ, ವೋಲ್ಟೇಜ್ ಏರುಪೇರಾದರೆ ಸ್ವಿಚ್ ಕಳಚಿಕೊಳ್ಳಬೇಕು. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61851ರಲ್ಲಿ ಈ ವಿಧಾನಕ್ಕೆ 'ಮೋಡ್ 2' ಎಂದು ಹೆಸರು. ಭಾರತೀಯ ಮಾನಕ ಬ್ಯೂರೋದ ಐಎಸ್ 17017 ಸರಣಿಯೂ ಇದೇ ಚೌಕಟ್ಟನ್ನು ಅನುಸರಿಸಿದೆ. ಪೆಟ್ಟಿಗೆಯೇ ಇಲ್ಲದೆ ಬರಿಯ ತಂತಿಯಿಂದ ಗೋಡೆಗೂ ವಾಹನಕ್ಕೂ ಗಂಟು ಹಾಕುವ 'ಮೋಡ್ 1' ವಿಧಾನವನ್ನು ಅಮೆರಿಕ ನಿಷೇಧಿಸಿದೆ. ಕಾವಲಿಲ್ಲದ ವಿದ್ಯುತ್ತನ್ನು ಕಾರಿಗೆ ಹರಿಸಬಾರದೆಂಬುದು ಇದರ ಹಿಂದಿನ ತಿಳಿವಳಿಕೆ.

ಗೀಸರ್ ಅಲ್ಲ, ಇದು ರಾತ್ರಿಪೂರ ಉರಿಯುವ ಒಲೆ

'ಎರಡು ಕಿಲೋವಾಟ್ ಗೀಸರ್ ಇಷ್ಟು ವರ್ಷ ಇದೇ ಪ್ಲಗ್ಗಿನಲ್ಲಿ ನಡೆದಿದೆ, ಕಾರು ಯಾಕೆ ನಡೆಯಬಾರದು' ಎಂಬ ವಾದ ಸಾಮಾನ್ಯ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದದಲ್ಲಿ ಕಾಲದ ಲೆಕ್ಕವೇ ಬಿಟ್ಟುಹೋಗಿದೆ. ಗೀಸರ್ ಅರ್ಧ ಗಂಟೆ ಉರಿದು ತಣ್ಣಗಾಗುತ್ತದೆ. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಿಂದ ತುಂಬಿಸಲು 3.3 ಕಿಲೋವಾಟ್ ದರದಲ್ಲಿ ಸುಮಾರು ಹತ್ತು ಗಂಟೆ ಬೇಕು. ಅಷ್ಟೂ ಹೊತ್ತು ಪ್ಲಗ್ಗಿನ ಮೂಲಕ 15 ಆಂಪಿಯರ್‌ನಷ್ಟು ವಿದ್ಯುತ್ ಬಿಡುವಿಲ್ಲದೆ ಹರಿಯುತ್ತದೆ. ಅದೂ ಮನೆಮಂದಿಯೆಲ್ಲ ಮಲಗಿರುವ ವೇಳೆಯಲ್ಲಿ.

ವಿದ್ಯುತ್ ಹರಿದಲ್ಲೆಲ್ಲ ಶಾಖ ಹುಟ್ಟುತ್ತದೆ. ಈ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಕಚ್ಚು ಸಡಿಲವಾಗಿಯೋ, ಕಿಲುಬು ಹಿಡಿದೋ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು ತಡೆ ಒಡ್ಡಿದರೂ ಸಾಕು, 15 ಆಂಪಿಯರ್ ಹರಿಯುವಾಗ ಆ ಒಂದೇ ಬಿಂದುವಿನಲ್ಲಿ 22 ವಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿ ಅಂಗಡಿಯ ಬೆಸುಗೆ ಕಡ್ಡಿಯ ಶಾಖವೂ ಹೆಚ್ಚುಕಡಿಮೆ ಇಷ್ಟೇ. ಬೆಸುಗೆ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ರಾತ್ರಿಯಿಡೀ ಗೋಡೆಯಲ್ಲಿ ಹುದುಗಿಸಿದರೆ ಏನಾದೀತು ಎಂಬುದನ್ನು ಊಹಿಸಲು ವಿಜ್ಞಾನಿಯೇ ಆಗಬೇಕಿಲ್ಲ. ಎಂಸಿಬಿ ಇಂಥ ವೇಳೆ ನೆರವಿಗೆ ಬರುವುದಿಲ್ಲ ಎಂಬುದು ಗಮನಾರ್ಹ. ಹರಿಯುತ್ತಿರುವ ವಿದ್ಯುತ್ ಮಿತಿಯೊಳಗೇ ಇರುವುದರಿಂದ ಅದಕ್ಕೆ ಯಾವ ತಪ್ಪೂ ಕಾಣಿಸದು.

ಇಲ್ಲಿಯೇ ಒಂದು ಸುಲಭ ಪರಿಹಾರವೂ ಇದೆ. ಪ್ರವಾಹವನ್ನು 15ರಿಂದ 10 ಆಂಪಿಯರ್‌ಗೆ ಇಳಿಸಿದರೆ ಅದೇ ಸಡಿಲ ಬಿಂದುವಿನ ಶಾಖ 22 ವಾಟ್‌ನಿಂದ 10 ವಾಟ್‌ಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ಮನೆಯ ಸಾಮಾನ್ಯ ಪ್ಲಗ್ಗಿನಿಂದ ಕಾರು ಚಾರ್ಜ್ ಮಾಡುವಾಗ 8 ಅಥವಾ 10 ಆಂಪಿಯರ್ ಮಿತಿ ರೂಢಿಯಲ್ಲಿರುವುದು ಇದೇ ಕಾರಣಕ್ಕೆ. ದಿನಕ್ಕೆ 40 ಕಿಲೋಮೀಟರ್ ಓಡುವ ನಗರದ ಕಾರಿಗೆ ಬೇಕಾಗುವುದು ಆರೇಳು ಯೂನಿಟ್. 10 ಆಂಪಿಯರ್ ದರದಲ್ಲಿ ಅದು ಸುಮಾರು ಮೂರು ಗಂಟೆಯಲ್ಲಿ ತುಂಬುತ್ತದೆ. ಹೀಗಿರುವಾಗ ಹತ್ತು ಗಂಟೆ ಸುಮ್ಮನೆ ನಿಲ್ಲುವ ಕಾರಿಗೆ ವೇಗದ ಚಾರ್ಜರ್ ಹುಡುಕುವುದು ನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ಮನದ ಅವಸರವಷ್ಟೇ.

'ಅರ್ಥಿಂಗ್ ಇಲ್ಲ' ಎನ್ನುವ ಕೆಂಪು ದೀಪ

ಹೊಸ ಕಾರು ಮನೆಗೆ ಬಂದ ಮೊದಲ ರಾತ್ರಿ ಅನೇಕ ಕುಟುಂಬಗಳು ಒಂದು ವಿಚಿತ್ರವನ್ನು ಎದುರಿಸುತ್ತವೆ. ಚಾರ್ಜರ್ ಜೋಡಿಸಿದೊಡನೆ ಕೆಂಪು ದೀಪ ಮಿನುಗುತ್ತದೆ, ಕಾರು ವಿದ್ಯುತ್ ತೆಗೆದುಕೊಳ್ಳಲು ನಿರಾಕರಿಸುತ್ತದೆ. ಮಿಕ್ಸಿ, ಫ್ರಿಜ್, ಇಸ್ತ್ರಿ ಪೆಟ್ಟಿಗೆ ಎಲ್ಲವೂ ನಡೆಯುವ ಮನೆಯಲ್ಲಿ ಕಾರಿಗೆ ಮಾತ್ರ ಏನಾಯಿತೆಂದು ಮಾಲೀಕರು ಶೋರೂಮಿಗೆ ಫೋನಾಯಿಸುತ್ತಾರೆ. ಕಾರಣ ಕಾರಿನಲ್ಲಿಲ್ಲ, ಅಂಗಳದ ಮೂಲೆಯಲ್ಲಿ ಮಣ್ಣು ಮುಚ್ಚಿಹೋದ ಅರ್ಥಿಂಗ್ ಗುಂಡಿಯಲ್ಲಿದೆ.

ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಪೈಪು ಹುಗಿದದ್ದೇ ಕೊನೆ, ಮತ್ತೆ ಅದರ ಕಡೆ ತಿರುಗಿ ನೋಡಿದವರು ವಿರಳ. ಬೆಂಗಳೂರಿನ ಬಂಡೆ ನೆಲದಲ್ಲಿ, ಬೇಸಿಗೆಗೆ ಬಿರುಕು ಬಿಡುವ ರಾಯಚೂರು, ಕಲಬುರಗಿಯ ಎರೆಮಣ್ಣಿನಲ್ಲಿ ತೇವ ಆರಿದರೆ ಅರ್ಥಿಂಗ್‌ನ ಗುಣವೂ ಆರುತ್ತದೆ. ಕೆಲವು ಮನೆಗಳಲ್ಲಿ ಗುಂಡಿಯಿಂದ ಪ್ಲಗ್ಗಿನವರೆಗೆ ಹಸಿರು ತಂತಿಯೇ ಬಂದಿರುವುದಿಲ್ಲ, ಮೂರನೆಯ ರಂಧ್ರ ಕೇವಲ ಅಲಂಕಾರ. ಇಷ್ಟು ವರ್ಷ ಯಾರಿಗೂ ತಿಳಿಯದೆ ಉಳಿದಿದ್ದ ಈ ದೋಷವನ್ನು ಚಾರ್ಜರ್ ಒಂದೇ ಕ್ಷಣದಲ್ಲಿ ಎತ್ತಿ ತೋರಿಸುತ್ತದೆ. ಅಂಥ ಚಾರ್ಜರ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ದುರಂತವೆಂದರೆ ಇಲ್ಲಿಂದ ಮುಂದೆ ನಡೆಯುವುದು. ಕೆಂಪು ದೀಪವನ್ನು ಆರಿಸಲು ಅನೇಕ ಕಡೆ ಹಿಡಿಯುವ ಅಡ್ಡದಾರಿಗೆ 'ಡಮ್ಮಿ ಅರ್ಥಿಂಗ್' ಎಂದು ಹೆಸರು. ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ನ್ಯೂಟ್ರಲ್ ತಂತಿಗೇ ಸೇರಿಸಿಬಿಡುವುದು. ನೆಲದ ಸಂಪರ್ಕವಿದೆಯೆಂದು ಚಾರ್ಜರ್ ಮೋಸಹೋಗುತ್ತದೆ, ಹಸಿರು ದೀಪ ಬೆಳಗುತ್ತದೆ, ಎಲ್ಲರೂ ನೆಮ್ಮದಿಯಿಂದ ಮಲಗುತ್ತಾರೆ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಮನೆ ಸುರಕ್ಷಿತ ಎಂದುಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಕಾರಿನ ಲೋಹದ ಮೈ ಅರ್ಥಿಂಗ್ ಪಿನ್ನಿಗೆ ಜೋಡಣೆಯಾಗಿರುತ್ತದೆ. ಕಾರು ನಿಂತಿರುವುದು ರಬ್ಬರ್ ಚಕ್ರಗಳ ಮೇಲಾದ್ದರಿಂದ ನೆಲಕ್ಕೆ ಅದಕ್ಕೆ ಬೇರೆ ದಾರಿಯಿಲ್ಲ. ಡಮ್ಮಿ ಅರ್ಥಿಂಗ್ ಮಾಡಿದ ಮನೆಯಲ್ಲಿ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ, ಉಪಕರಣಗಳ ಮೂಲಕ ಹಾದುಬರುವ ವಿದ್ಯುತ್ ನೇರವಾಗಿ ಕಾರಿನ ಮೈಗೆ ಬರುತ್ತದೆ. ಕಂಬದಲ್ಲಿ ನ್ಯೂಟ್ರಲ್ ಕಡಿದು ಬೀದಿಯ ಟಿವಿ, ಫ್ರಿಜ್‌ಗಳು ಒಮ್ಮೆಲೇ ಸುಟ್ಟುಹೋದ ಕಥೆ ರಾಜ್ಯದ ಯಾವ ಊರಿಗೂ ಹೊಸದಲ್ಲ. ಪ್ಲಗ್ಗಿನಲ್ಲಿ ಫೇಸ್, ನ್ಯೂಟ್ರಲ್ ತಂತಿಗಳು ಅದಲುಬದಲಾಗಿದ್ದರಂತೂ ಏನೂ ಕಡಿಯಬೇಕಾಗಿಲ್ಲ, ಸ್ವಿಚ್ ಹಾಕಿದ ಕ್ಷಣವೇ ಕಾರಿನ ಮೈ 230 ವೋಲ್ಟ್‌ಗೆ ಏರಬಲ್ಲದು. ಬೆಳಿಗ್ಗೆ ಅಂಗಳ ತೊಳೆದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಕಾರಿನ ಬಾಗಿಲು ಮುಟ್ಟುವವರು ಯಾರು ಎಂಬುದಷ್ಟೇ ಆಗ ಉಳಿಯುವ ಪ್ರಶ್ನೆ.

ಒಳ್ಳೆಯ ಅರ್ಥಿಂಗ್ ಒಂದೇ ಸಾಕೇ ಎಂದರೆ ಅದೂ ಇಲ್ಲ. ಗುಂಡಿಯ ತಡೆ 10 ಓಮ್ ಇದ್ದರೆ, ಫೇಸ್ ತಂತಿ ಕಾರಿನ ಮೈಗೆ ತಗುಲಿದಾಗಲೂ ನೆಲಕ್ಕೆ ಹರಿಯುವ ವಿದ್ಯುತ್ 23 ಆಂಪಿಯರ್ ಮೀರುವುದಿಲ್ಲ. 20 ಆಂಪಿಯರ್‌ನ ಎಂಸಿಬಿ ಅಷ್ಟಕ್ಕೆ ತಟ್ಟನೆ ಬೀಳದು. ಅಷ್ಟು ಹೊತ್ತೂ ಕಾರಿನ ಮೈ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಆದ್ದರಿಂದಲೇ 30 ಮಿಲಿ ಆಂಪಿಯರ್ ಸೋರಿಕೆ ಕಂಡೊಡನೆ ಕಡಿತಗೊಳಿಸುವ ಆರ್‌ಸಿಸಿಬಿ ಅನಿವಾರ್ಯ. ಅರ್ಥಿಂಗ್, ಎಂಸಿಬಿ, ಆರ್‌ಸಿಸಿಬಿ ಇವು ಒಂದರ ಬದಲಿಗೆ ಇನ್ನೊಂದು ಎನ್ನುವಂಥವಲ್ಲ, ಮೂರೂ ಸೇರಿದರೆ ಮಾತ್ರ ಕಾವಲು ಪೂರ್ಣ.

ಆಯ್ಕೆಯ ಒರೆಗಲ್ಲು

ಈ ಹಿನ್ನೆಲೆಯಲ್ಲಿ ಚಾರ್ಜರ್ ಆಯ್ಕೆಯ ಮೊದಲ ಒರೆಗಲ್ಲು ತಲೆಕೆಳಗಾಗಿರಬೇಕು. ಯಾವ ಪ್ಲಗ್ಗಿನಲ್ಲಿ ಹಾಕಿದರೂ ನಡೆಯುವ ಚಾರ್ಜರ್ ಒಳ್ಳೆಯದಲ್ಲ. ಕೆಟ್ಟ ಪ್ಲಗ್ಗಿನಲ್ಲಿ ನಡೆಯಲು ಒಪ್ಪದ ಚಾರ್ಜರ್ ಒಳ್ಳೆಯದು. 'ಅರ್ಥಿಂಗ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ' ಎಂಬುದನ್ನೇ ಗುಣವೆಂದು ಹೇಳಿ ಮಾರುವ ಅಥವಾ ಅರ್ಥಿಂಗ್ ತಪಾಸಣೆಯನ್ನು ಬಂದ್ ಮಾಡುವ ಗುಂಡಿಯಿರುವ ಉಪಕರಣವನ್ನು ಅಲ್ಲಿಗೇ ಬಿಟ್ಟು ಬರುವುದು ಲೇಸು.

ಎರಡನೆಯದು ಸೋರಿಕೆಯ ಕಾವಲು. ಎಸಿ ಸೋರಿಕೆಗೆ 30 ಮಿಲಿ ಆಂಪಿಯರ್, ಡಿಸಿ ಸೋರಿಕೆಗೆ 6 ಮಿಲಿ ಆಂಪಿಯರ್ ಮಿತಿ ಪೆಟ್ಟಿಗೆಯ ವಿವರಪಟ್ಟಿಯಲ್ಲಿ ಸ್ಪಷ್ಟವಾಗಿರಬೇಕು. ಡಿಸಿ ಏಕೆ ಎಂದರೆ, ಕಾರಿನೊಳಗಿನ ಪರಿವರ್ತಕದಲ್ಲಿ ದೋಷವುಂಟಾದಾಗ ಡಿಸಿ ಸೋರಿಕೆ ಹಿಂದಕ್ಕೆ ಮನೆಯ ತಂತಿಗೆ ಬರುವ ಸಾಧ್ಯತೆಯಿದೆ. ಅದು ಮನೆಯ ಸಾಮಾನ್ಯ ಆರ್‌ಸಿಸಿಬಿಯ ಗ್ರಹಣಶಕ್ತಿಯನ್ನೇ ಮಂಕಾಗಿಸುತ್ತದೆ. ಆಗ ಕಾರಿನ ದೋಷದಿಂದ ಬಚ್ಚಲುಮನೆಯ ಗೀಸರಿಗಿದ್ದ ರಕ್ಷಣೆಯೂ ತಪ್ಪಿಹೋಗಬಹುದು. ಪೋರ್ಟಬಲ್ ಚಾರ್ಜರುಗಳ ಕಾವಲು ಪೆಟ್ಟಿಗೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 62752. ಆ ಸಂಖ್ಯೆ ನಮೂದಾಗಿದೆಯೇ, ಅದಕ್ಕೆ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರವಿದೆಯೇ ಎಂದು ಕೇಳುವುದು ಗ್ರಾಹಕರ ಹಕ್ಕು.

ಮೂರನೆಯದು, ಪ್ಲಗ್ಗಿನೊಳಗೇ ಉಷ್ಣತೆ ಅಳೆಯುವ ಸಂವೇದಕ. ಪೆಟ್ಟಿಗೆಯೊಳಗಿನ ಶಾಖವನ್ನು ಮಾತ್ರ ಅಳೆಯುವ ಚಾರ್ಜರಿಗೆ ಗೋಡೆಯಲ್ಲಿ ಪ್ಲಗ್ ಕರಗುತ್ತಿರುವುದು ತಿಳಿಯದು. ಗೋಡೆಗೆ ಚುಚ್ಚುವ ಪ್ಲಗ್ಗಿನಲ್ಲಿಯೇ ಸಂವೇದಕವಿದ್ದರೆ, ಬಿಸಿ ಏರಿದಂತೆ ಪ್ರವಾಹವನ್ನು ಇಳಿಸಿ ಅಥವಾ ನಿಲ್ಲಿಸಿ ಅನಾಹುತ ತಪ್ಪಿಸಬಹುದು. ನಾಲ್ಕನೆಯದು, 6, 8, 10, 13, 16 ಹೀಗೆ ಪ್ರವಾಹವನ್ನು ಹೊಂದಿಸಿಕೊಳ್ಳುವ ಅನುಕೂಲ. ಸ್ವಂತ ಮನೆಯ ಹೊಸ ಪಾಯಿಂಟಿನಲ್ಲಿ 15 ಆಂಪಿಯರ್ ಎಳೆಯುವವರು, ಊರಿನ ಅಜ್ಜಿ ಮನೆಯ ಹಳೆಯ ಪ್ಲಗ್ಗಿನಲ್ಲಿ 6ಕ್ಕೋ 8ಕ್ಕೋ ಇಳಿಸಿಕೊಳ್ಳಬಹುದು.

ಐದನೆಯದು ಮುದ್ರೆಗಳ ವಿಷಯ. ಪೆಟ್ಟಿಗೆಯ ಮೇಲೆ ಸಿಇ ಎಂಬ ಅಕ್ಷರಗಳಿದ್ದ ಮಾತ್ರಕ್ಕೆ ಬೀಗಬೇಕಿಲ್ಲ. ಇಂಥ ಉಪಕರಣಗಳಲ್ಲಿ ಅದು ಬಹುತೇಕ ತಯಾರಕರ ಸ್ವಯಂ ಘೋಷಣೆ, ಅದೂ ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು. ಐಎಸ್‌ಐ ಮುದ್ರೆಯಿರುವ ಪ್ಲಗ್, ಸಾಕೆಟ್, ತಂತಿಗಳ ಪರವಾನಗಿ ಸಂಖ್ಯೆಯನ್ನು ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ಅಸಲಿಯೇ ನಕಲಿಯೇ ಎಂದು ನೋಡಬಹುದು. ಕಾರು ತಯಾರಕರು ಒಪ್ಪಿದ ಚಾರ್ಜರ್ ಅಲ್ಲದಿದ್ದರೆ ವಾರಂಟಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಜಾಣತನ.

ಆರನೆಯದು, ಮಳೆ ಮತ್ತು ಧೂಳು. ಐಪಿ ಎಂಬ ಅಕ್ಷರಗಳ ಮುಂದಿನ ಎರಡು ಅಂಕಿಗಳಲ್ಲಿ ಮೊದಲನೆಯದು ಧೂಳಿನ, ಎರಡನೆಯದು ನೀರಿನ ತಡೆಯನ್ನು ಸೂಚಿಸುತ್ತದೆ. ಐಪಿ 65 ಅಥವಾ 67 ಇದ್ದರೆ ಪೆಟ್ಟಿಗೆ ಮಳೆಗೆ ಅಂಜಬೇಕಿಲ್ಲ. ಆದರೆ ಆ ಅಂಕಿ ಪೆಟ್ಟಿಗೆಗೆ ಮಾತ್ರ ಅನ್ವಯಿಸುತ್ತದೆ, ಗೋಡೆಯ ಸಾಕೆಟ್ಟಿಗಲ್ಲ. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಹಿತ್ತಾಳೆಯ ಕಚ್ಚುಗಳು ಬೇಗ ಕಿಲುಬು ಹಿಡಿಯುತ್ತವೆ. ಅಲ್ಲಿ ಮುಚ್ಚಳವಿರುವ ಸಾಕೆಟ್ ಹಾಕಿಸುವುದು, ಮಳೆಗಾಲಕ್ಕೆ ಮುನ್ನ ಒಮ್ಮೆ ಬಿಚ್ಚಿ ನೋಡಿಸುವುದು ಅಗತ್ಯ.

ಏಳು ಕಿಲೋವಾಟ್‌ನ ಬಲೆ

ಮಾರುಕಟ್ಟೆಯಲ್ಲಿ ಇದೀಗ ಹೆಚ್ಚು ಆಕರ್ಷಣೆಗೆ ಒಳಗಾಗಿರುವುದು 32 ಆಂಪಿಯರ್‌ನ, ಅಂದರೆ ಏಳು ಕಿಲೋವಾಟ್ ಮೀರಿದ ಪೋರ್ಟಬಲ್ ಚಾರ್ಜರುಗಳು. ಇವುಗಳಿಗೆ ಬೇಕಾದದ್ದು ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್, ಅದಕ್ಕೆಂದೇ ಎಳೆದ ದಪ್ಪ ತಂತಿ ಮತ್ತು ಸಾಕಷ್ಟು ಮಂಜೂರಾತಿ ಲೋಡ್. ಮೂರು ಕಿಲೋವಾಟ್ ಮಂಜೂರಾತಿಯ ಮನೆಯಲ್ಲಿ ಏಳು ಕಿಲೋವಾಟ್ ಎಳೆಯುವುದು ಸುರಕ್ಷತೆಗೂ ನಿಯಮಕ್ಕೂ ವಿರುದ್ಧ. ನೀಲಿ ಪ್ಲಗ್ಗನ್ನು ಸಾಮಾನ್ಯ 15 ಆಂಪ್ ಪ್ಲಗ್ಗಿಗೆ ಇಳಿಸುವ ಅಡಾಪ್ಟರುಗಳೂ ಇದರ ಜೊತೆಯಲ್ಲೇ ಬರುತ್ತವೆ. ಅಡಾಪ್ಟರ್ ಹಾಕಿದಾಗ ಪೆಟ್ಟಿಗೆಯು ತಾನಾಗಿಯೇ ಪ್ರವಾಹ ಇಳಿಸುತ್ತದೆಯೇ ಅಥವಾ ಅದನ್ನು ಮನೆಯವರ ನೆನಪಿಗೆ ಬಿಟ್ಟಿದೆಯೇ ಎಂಬುದು ನಿರ್ಣಾಯಕ. ನೆನಪಿಗೆ ಬಿಟ್ಟಿದ್ದರೆ, ಒಂದು ರಾತ್ರಿಯ ಮರೆವು ಸಾಕು.

ಎಕ್ಸ್‌ಟೆನ್ಷನ್ ಬೋರ್ಡಿನದೂ ಇದೇ ಕಥೆ. ಮೂರನೆಯ ಮಹಡಿಯ ಬಾಲ್ಕನಿಯಿಂದ ಕೆಳಗೆ ಜೋತುಬಿದ್ದ ತಂತಿ, ಸುರುಳಿ ಸುತ್ತಿದಂತೆಯೇ ಉಳಿದು ತನ್ನ ಶಾಖದಲ್ಲಿ ತಾನೇ ಬೇಯುವ ಕೇಬಲ್, ಪ್ಲಗ್ಗಿಗೆ ಜೋತುಬಿದ್ದು ಅದನ್ನು ಕೆಳಕ್ಕೆ ಜಗ್ಗುವ ಭಾರದ ಪೆಟ್ಟಿಗೆ ಇವು ನಗರಗಳಲ್ಲಿ ಕಾಣದ ದೃಶ್ಯಗಳೇನಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗೆ 2019ರಲ್ಲಿ ವಾಹನ ಚಾರ್ಜಿಂಗ್ ಕುರಿತ ಅಧ್ಯಾಯ ಸೇರಿತು. 2023ರ ಹೊಸ ನಿಯಮಾವಳಿಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಚಾರ್ಜಿಂಗ್ ಕೇಂದ್ರಗಳನ್ನು ಗಮನದಲ್ಲಿಟ್ಟು ಬರೆದ ಈ ನಿಯಮಗಳು ಎಕ್ಸ್‌ಟೆನ್ಷನ್ ತಂತಿಯನ್ನು ನಿಷೇಧಿಸುತ್ತವೆ, ಪ್ರತಿ ಚಾರ್ಜಿಂಗ್ ಪಾಯಿಂಟಿಗೂ ಪ್ರತ್ಯೇಕ ಸರ್ಕ್ಯೂಟ್ ಮತ್ತು ಸೋರಿಕೆ ರಕ್ಷಣೆ ಇರಬೇಕೆನ್ನುತ್ತವೆ, ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕೆಂದು ವಿಧಿಸುತ್ತವೆ. ಮನೆಗಳಿಗೂ ಇದಕ್ಕಿಂತ ಒಳ್ಳೆಯ ಮಾರ್ಗಸೂಚಿ ಬೇಕಿಲ್ಲ. ಚಾರ್ಜರಿನ ಕೇಬಲ್ಲೇ ಐದು ಮೀಟರ್ ಉದ್ದವಿರುವಂತೆ ನೋಡಿ ಕೊಂಡರೆ ಎಕ್ಸ್‌ಟೆನ್ಷನ್‌ನ ಪ್ರಲೋಭನೆಯೇ ಹುಟ್ಟುವುದಿಲ್ಲ. ಮನೆಯ ಇನ್ವರ್ಟರ್ ಲೈನಿನಿಂದ ಕಾರು ಚಾರ್ಜ್ ಮಾಡುವ ಸಾಹಸಕ್ಕೂ ಇಳಿಯಬಾರದು.

ಚಾರ್ಜರಿಗೆ ಮುನ್ನ ತಂತಿ

ಇಷ್ಟೆಲ್ಲ ಗುಣಗಳಿರುವ ಚಾರ್ಜರ್ ತಂದರೂ ಗೋಡೆಯೊಳಗಿನ ತಂತಿ ದುರ್ಬಲವಾಗಿದ್ದರೆ ಫಲವಿಲ್ಲ. ಕೆಲವು ದಶಕಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯೂ ಉಂಟು, ಒಂದೇ ತಂತಿಯಿಂದ ಕವಲೊಡೆದ ನಾಲ್ಕಾರು ಪ್ಲಗ್‌ಗಳೂ ಉಂಟು. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ ಬೇರೆ ಯಾವುದಕ್ಕೂ ಕವಲು ಕೊಡದ, 4 ಚದರ ಮಿಲಿಮೀಟರ್‌ನ ತಾಮ್ರದ ತಂತಿ, ಅದಕ್ಕೆ ಪ್ರತ್ಯೇಕ ಎಂಸಿಬಿ ಮತ್ತು 'ಎ' ವರ್ಗದ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಹೊಸ 16 ಆಂಪಿಯರ್ ಐಎಸ್‌ಐ ಸಾಕೆಟ್, ಅಳೆದು ನೋಡಿದ ಅರ್ಥಿಂಗ್ ಇವಿಷ್ಟು ಇದ್ದರೆ 3.3 ಕಿಲೋವಾಟ್ ಚಾರ್ಜಿಂಗ್‌ಗೆ ಭದ್ರ ಬುನಾದಿ ಸಿಕ್ಕಂತೆ. ಕಾರಿನ ಬೆಲೆಯ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು, ಅರ್ಥಿಂಗ್ ಅಳತೆಯನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು.

ಆಮೇಲಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಚಾರ್ಜಿಂಗ್ ಆರಂಭವಾಗಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿದರೆ ಸಾಕು. ಬೆಚ್ಚಗಿದ್ದರೆ ಸಹಜ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಕೂಡಲೇ ಮೇನ್ಸ್‌ನಲ್ಲಿ ಬಂದ್ ಮಾಡಿ ತಜ್ಞರನ್ನು ಕರೆಸಬೇಕು. ಸಾಕೆಟ್ಟಿನ ಸುತ್ತ ಕಂದು ಕಲೆ, ಸುಟ್ಟ ವಾಸನೆ, ಪ್ಲಗ್ ಚುಚ್ಚಿದಾಗ ಸಡಿಲವೆನಿಸುವುದು ಇವು ನಿರ್ಲಕ್ಷಿಸಬಾರದ ಮುನ್ಸೂಚನೆಗಳು. ಆರ್‌ಸಿಸಿಬಿಯ ಮೇಲಿರುವ 'ಟಿ' ಗುಂಡಿಯನ್ನು ಆಗಾಗ ಒತ್ತಿ ಅದು ಬೀಳುತ್ತದೆಯೇ ಎಂದು ನೋಡುವ ಅಭ್ಯಾಸವೂ ಇರಬೇಕು.

ಬಾಡಿಗೆದಾರರ ಪಾಡು, ಆಡಳಿತದ ಹೊಣೆ

ಸ್ವಂತ ಮನೆಯವರಿಗೆ ಇದೆಲ್ಲ ಸಾಧ್ಯ. ಬಾಡಿಗೆ ಮನೆಯಲ್ಲಿರುವವರ, ಅಪಾರ್ಟ್‌ಮೆಂಟ್ ನಿವಾಸಿಗಳ ಪಾಡೇನು? ಮಾಲೀಕರು ಗೋಡೆ ಕೊರೆಯಲು ಒಪ್ಪುವುದಿಲ್ಲ, ಸಂಘದವರು ನೆಲಮಾಳಿಗೆಯಲ್ಲಿ ಬೆಂಕಿಯ ಭಯ ಮುಂದೊಡ್ಡುತ್ತಾರೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ಹೊತ್ತಿಕೊಂಡ ಬಳಿಕ ಈ ಭಯಕ್ಕೆ ಬಲ ಬಂದಿರುವುದು ಸಹಜ. ಆ ಪ್ರಕರಣಗಳ ನಂತರ ಕೇಂದ್ರ ಸರ್ಕಾರ ಬ್ಯಾಟರಿಗಳ ಸುರಕ್ಷತಾ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಆದರೆ ಭಯದಿಂದ ಅನುಮತಿ ನಿರಾಕರಿಸಿದರೆ ಕಾರು ಚಾರ್ಜ್ ಆಗುವುದು ನಿಲ್ಲುವುದಿಲ್ಲ. ಅದು ಕದ್ದುಮುಚ್ಚಿ ಎಳೆದ ಎಕ್ಸ್‌ಟೆನ್ಷನ್ ತಂತಿಗೆ ವರ್ಗವಾಗುತ್ತದೆ ಅಷ್ಟೇ. ನಿರಾಕರಣೆ ಅಪಾಯವನ್ನು ಕಡಿಮೆ ಮಾಡುವುದರ ಬದಲು ಕಣ್ಮರೆ ಮಾಡುತ್ತದೆ.

ಕಾನೂನು ಈ ವಿಷಯದಲ್ಲಿ ಗ್ರಾಹಕರ ಪರವಾಗಿದೆ. ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಗಳು ಅವಕಾಶ ನೀಡಿವೆ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕನ್ನು ಕೊಟ್ಟಿವೆ. ಹೊಸ ಸಂಪರ್ಕ ನೀಡುವ ಗಡುವನ್ನೂ ಮಹಾನಗರಗಳಲ್ಲಿ 3 ದಿನ, ಪುರಸಭೆ ವ್ಯಾಪ್ತಿಯಲ್ಲಿ 7 ದಿನ, ಗ್ರಾಮೀಣ ಪ್ರದೇಶದಲ್ಲಿ 15 ದಿನಕ್ಕೆ ಅದೇ ನಿಯಮಗಳು ಇಳಿಸಿವೆ. ಅಪಾರ್ಟ್‌ಮೆಂಟ್ ಸಂಘಗಳು 'ಬೇಡ' ಎನ್ನುವ ಬದಲು 'ಹೀಗೆ ಮಾಡಿ' ಎಂದು ಹೇಳಲು ಇಷ್ಟು ಆಧಾರ ಸಾಕು. ಪ್ರತ್ಯೇಕ ಮೀಟರ್, ಪ್ರತ್ಯೇಕ ಸರ್ಕ್ಯೂಟ್, ಸೋರಿಕೆ ರಕ್ಷಣೆ, ಎಕ್ಸ್‌ಟೆನ್ಷನ್ ನಿಷೇಧ ಎಂಬ ನಾಲ್ಕು ಷರತ್ತುಗಳ ಒಂದು ಪುಟದ ನಿಯಮವನ್ನು ಯಾವ ಸಂಘವೂ ರೂಪಿಸಿಕೊಳ್ಳಬಹುದು.

ದೇಶದ ಮೊದಲ ಪೀಳಿಗೆಯ ವಿದ್ಯುತ್ ಕಾರುಗಳಲ್ಲೊಂದಾದ ರೇವಾ 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಲ್ಲಿ. ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವೆಂಬ ಹೆಗ್ಗಳಿಕೆ 2017ರಿಂದ ಕರ್ನಾಟಕದ್ದು. ಚಾರ್ಜಿಂಗ್ ವ್ಯವಸ್ಥೆಗೆ ರಾಜ್ಯದ ನೋಡಲ್ ಸಂಸ್ಥೆ ಬೆಸ್ಕಾಂ. ಸಾರ್ವಜನಿಕ ಕೇಂದ್ರಗಳ ಸ್ಥಾಪನೆಗೆ ತೋರಿದ ಆಸಕ್ತಿಯಲ್ಲಿ ಒಂದಂಶವನ್ನು ಮನೆಯ ಪ್ಲಗ್ಗಿನ ಕಡೆಗೆ ತಿರುಗಿಸಿದರೂ ದೊಡ್ಡ ಉಪಕಾರವಾದೀತು. ವಿದ್ಯುತ್ ಕಾರು ನೋಂದಣಿಯಾದ ಮನೆಯ ಅರ್ಥಿಂಗ್ ಮತ್ತು ಸಾಕೆಟ್ಟನ್ನು ಮನವಿಯ ಮೇರೆಗೆ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ವಿದ್ಯುತ್ ಸರಬರಾಜು ಕಂಪನಿಗಳಿಗೆ ಅಸಾಧ್ಯವಾದದ್ದೇನಲ್ಲ. ಅಡುಗೆ ಅನಿಲದ ಸಂಪರ್ಕ ಕೊಡುವಾಗ ಕೊಳವೆ, ರೆಗ್ಯುಲೇಟರ್ ನೋಡಿ ಹೋಗುವ ಪದ್ಧತಿ ಇರುವಾಗ, ರಾತ್ರಿಯಿಡೀ ಮೂರು ಕಿಲೋವಾಟ್ ಎಳೆಯುವ ವಾಹನಕ್ಕೆ ಅಂಥದ್ದೊಂದು ಪದ್ಧತಿ ಯಾಕಿರಬಾರದು? ಶೋರೂಮುಗಳೂ ಕಾರಿನ ಕೀಲಿ ಕೊಡುವ ಮುನ್ನವೇ ಮನೆಯ ಪಾಯಿಂಟ್ ಪರೀಕ್ಷಿಸಿದರೆ, ಕೆಂಪು ದೀಪದೆದುರು ಗ್ರಾಹಕರು ಅಡ್ಡದಾರಿ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಅಲ್ಲಿಯವರೆಗೆ ಹೊಣೆ ಮನೆಯವರದೇ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂಬುದು ಹಿರಿಯರ ಅನುಭವದ ಮಾತು. ವಿದ್ಯುತ್ ಕಾರಿನ ವಿಷಯದಲ್ಲಿ ಬಾವಿ ತೋಡಬೇಕಾದದ್ದು ಕಾರು ಬುಕ್ ಮಾಡಿದ ದಿನವೇ. ಅಂದು ಅಂಗಳದ ಅರ್ಥಿಂಗ್ ಗುಂಡಿಯ ಮುಚ್ಚಳ ತೆರೆದು ನೋಡಿದವರಿಗೆ ಮುಂದೆ ಚಾರ್ಜರ್ ಆರಿಸುವುದು ಕಷ್ಟವಾಗದು. ಕೆಂಪು ದೀಪ ಮಿನುಗಿದ ರಾತ್ರಿ ಅದನ್ನು ಶಪಿಸದೆ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಮರುದಿನ ಕಚೇರಿಗೆ ಬಸ್ಸಿನಲ್ಲಿ ಹೋಗುವ ತಾಳ್ಮೆಯೊಂದಿದ್ದರೆ ಸಾಕು.